ಬೀರುವಿನ ಎಡಗಡೆ ಬಾಗಿಲು

ಬೇರೆಯಾದ ಹೆಂಡತಿ ಬಿಟ್ಟುಹೋದ ಸಾಮಾನನ್ನು ನಾನು ಹೇಗೆ ಕಾಪಾಡಿ ಒಪ್ಪಿಸಿದೆ ಅನ್ನುವುದನ್ನು ಒಂದು ಕೌದಿಯಿಂದಲೇ ಶುರು ಮಾಡುತ್ತೇನೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

2022ರ ಜೂನ್‌ನಲ್ಲಿ ಅವಳು ಎರಡು ಸೂಟ್‌ಕೇಸ್ ತೆಗೆದುಕೊಂಡು ಧಾರವಾಡಕ್ಕೆ, ತವರಿಗೆ ಹೋದಳು. ಜಗಳ ಆಡಿಕೊಂಡಲ್ಲ. ಜಗಳ ಆಡುವ ಕಾಲ ಮುಗಿದೇ ವರ್ಷವಾಗಿತ್ತು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಉಳಿದದ್ದು ಆಮ್ಯಾಲೆ ನೋಡೋಣ್ರಿ" ಅಂದಳು. ಆ ಉಳಿದದ್ದು ಅಂದರೆ ಹತ್ತು ವರ್ಷದ ಸಂಸಾರ. ಬೀರುವಿನ ಎಡಗಡೆ ಬಾಗಿಲಿನ ಹಿಂದೆ ಇದ್ದದ್ದೆಲ್ಲ, ಅಡುಗೆಮನೆಯಲ್ಲಿ ಮುಕ್ಕಾಲು ಪಾಲು, ಅಟ್ಟದ ಮೇಲೆ ಏನಿದೆಯೋ ನನಗೇ ಗೊತ್ತಿರಲಿಲ್ಲ.

ಎರಡು ತಿಂಗಳು ಯಾವುದನ್ನೂ ಮುಟ್ಟಲಿಲ್ಲ. ಗಣೇಶನ ಹಬ್ಬದ ಹೊತ್ತಿಗೆ ಇದ್ದಕ್ಕಿದ್ದಂತೆ ಹುಮ್ಮಸ್ಸು ಬಂತು. ಮನೆ ಖಾಲಿ ಆದರೆ ತಲೆಯೂ ಹಗುರ ಆಗುತ್ತೆ ಅನ್ನುವ ಭ್ರಮೆ ಇರುತ್ತಲ್ಲ, ಅದು. ಅಟ್ಟ ಹತ್ತಿ ಧೂಳು ಹೊಡೆದೆ. ಒಂದು ಹಳೇ ಕೌದಿ ಸಿಕ್ಕಿತು. ಬಣ್ಣ ಹೋಗಿತ್ತು, ಒಂದು ಮೂಲೆ ಹರಿದಿತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಕೊಟ್ಟುಬಿಟ್ಟೆ.

ನಾಲ್ಕೇ ದಿನಕ್ಕೆ ಅವಳ ಫೋನ್. ಮಾತಾಡಿದ್ದು ಒಂದು ನಿಮಿಷವೂ ಇಲ್ಲ. "ಅಟ್ಟದ ಮ್ಯಾಲೆ ನಮ್ಮ ಅಜ್ಜಿ ಕೌದಿ ಐತಿ. ಮಳೀಗೆ ವಾಸನಿ ಹಿಡಿತೈತಿ, ಒಂದ್ಸಲ ಬಿಸಿಲಿಗೆ ಹಾಕ್ರಿ."

ಹ್ಞೂಂ ಅಂದೆ. ಫೋನ್ ಇಟ್ಟು ಸೀದಾ ಕೆಳಗೆ ಓಡಿದೆ. ವಾಚ್‌ಮನ್ ಹೆಂಡತಿ ಕೌದಿಯನ್ನು ಚೆನ್ನಾಗಿ ಒಗೆದಿದ್ದಳು. ಹರಿದ ಮೂಲೆಗೆ ಹಸಿರು ದಾರದಲ್ಲಿ ಹೊಲಿಗೆಯನ್ನೂ ಹಾಕಿದ್ದಳು. ಅದರ ಮೇಲೆ ಅವರ ಮಗು ಮಲಗಿತ್ತು. ಕೊಟ್ಟ ವಸ್ತುವನ್ನು ವಾಪಸ್ ಕೇಳುವುದಕ್ಕೆ ಎಷ್ಟು ನಾಚಿಕೆ ಆಗುತ್ತೆ ಅಂತ ಅವತ್ತು ಗೊತ್ತಾಯಿತು. "ಹಳೇದು ಅಂತ ನೀವೇ ಅಂದ್ರಲ್ಲ ಸಾರ್" ಅಂದ ವಾಚ್‌ಮನ್. ಬೈದು ಹೇಳಿದ್ದಲ್ಲ, ಅರ್ಥವಾಗದೆ ಹೇಳಿದ್ದು. ಎರಡು ಹೊಸ ರಗ್ಗು ತಂದುಕೊಟ್ಟು ಕೌದಿ ವಾಪಸ್ ತಂದೆ. ಆಮೇಲೆ ನಾನು ಒಂದು ನಿಯಮ ಮಾಡಿಕೊಂಡೆ. ಅವಳನ್ನು ಕೇಳದೆ ಒಂದು ಚಮಚವೂ ಈ ಮನೆಯಿಂದ ಹೊರಗೆ ಹೋಗಬಾರದು.

ಗೆಳೆಯರು ಹೇಳಿದ್ದೇ ಬೇರೆ. "ಎಲ್ಲ ಗಂಟು ಕಟ್ಟಿ ಲಾರೀಲಿ ಹಾಕಿ ಅವರ ಮನೆ ಬಾಗಿಲಿಗೆ ಇಳಿಸಿಬಿಡು, ಮುಗೀತು" ಅಂತ ಒಬ್ಬ. "ಏನೂ ಕೊಡಬೇಡ, ಮಾತುಕತೆಗೆ ಕೂತಾಗ ಉಪಯೋಗಕ್ಕೆ ಬರುತ್ತೆ" ಅಂತ ಇನ್ನೊಬ್ಬ. ಈ ಎರಡನೆಯವನ ಮಾತು ಕೇಳಿದ್ದರೆ ನಾನು ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾಗಿತ್ತು.

ಅದನ್ನು ಹೇಳಿದ್ದು ನಮ್ಮ ವಕೀಲರು. ವಿಚ್ಛೇದನದ ಬಗ್ಗೆ ಕೇಳಲು ಹೋದರೆ ಅವರು ಮೊದಲು ಕೇಳಿದ್ದೇ, "ಅವರ ಸಾಮಾನು ಎಲ್ಲಿದೆ?" ಅಂತ. ಮದುವೆಗೆ ಮುಂಚೆ, ಮದುವೆಯಲ್ಲಿ, ಮದುವೆ ಆದಮೇಲೆ ಹೆಣ್ಣಿಗೆ ಅಂತ ಕೊಟ್ಟ ಒಡವೆ, ಸೀರೆ, ಪಾತ್ರೆ, ದುಡ್ಡು ಎಲ್ಲ ಸ್ತ್ರೀಧನ. ಅದು ಅವಳೊಬ್ಬಳದೇ. ಗಂಡನ ಮನೆಯಲ್ಲಿ ಇದ್ದ ಮಾತ್ರಕ್ಕೆ ಇಬ್ಬರದೂ ಆಗಲ್ಲ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ನಂಬಿ ಇಟ್ಟದ್ದನ್ನು ಕೇಳಿದಾಗ ಕೊಡದೆ ಇಟ್ಟುಕೊಂಡರೆ ಅದು ನಂಬಿಕೆ ದ್ರೋಹದ ಅಪರಾಧ. ಆಗ ಅದು ಐಪಿಸಿ 406ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ. "ನೀವು ಯಜಮಾನರಲ್ಲ, ಕಾವಲುಗಾರರು ಅಂದ್ಕೊಳ್ಳಿ" ಅಂದರು ವಕೀಲರು. ಕೇಸು, ತೀರ್ಪು ಅಂತ ಕಾಯಬೇಕಾಗಿಯೂ ಇಲ್ಲವಂತೆ. ಲೆಕ್ಕ ಇಟ್ಟು ಕೊಟ್ಟುಬಿಡಬಹುದು.

ಅಮ್ಮನನ್ನು ಒಪ್ಪಿಸುವುದು ವಕೀಲರ ಫೀಸಿಗಿಂತ ಕಷ್ಟವಾಯಿತು.

"ಧಾರೆ ಸೀರೆ ನಾವು ಕೊಟ್ಟಿದ್ದು ಕಣೋ. ಮೈಸೂರಲ್ಲಿ ಕ್ಯೂ ನಿಂತು ತಂದಿದ್ದು."

"ಕೊಟ್ಟಾಯ್ತಲ್ಲಮ್ಮ."

"ನಿಮ್ಮಜ್ಜಿ ಬಳೆ?"

"ಅದನ್ನೂ ಕೊಟ್ಟಾಯ್ತು."

ನಾವು ಕೊಟ್ಟದ್ದು ಅನ್ನುವುದು ನಿಜವೇ. ಯಾರಿಗೆ ಕೊಟ್ಟದ್ದು ಅನ್ನುವುದೇ ಮುಖ್ಯ. ಗಂಡಿನ ಕಡೆಯವರು ಹುಡುಗಿಗೆ ಕೊಟ್ಟದ್ದೂ ಹುಡುಗಿಯದೇ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ತಾನೇ ಬಂದು ಬೀರು ಮುಂದೆ ಕೂತು, "ಸೀರೆ ಎಲ್ಲ ಮಡಿಕೆ ಬದಲಾಯಿಸಬೇಕು, ಇಲ್ಲಾಂದ್ರೆ ಜರಿ ಸೀಳುತ್ತೆ" ಅಂದಳು.

ಅದೂ ನನಗೆ ಗೊತ್ತಿರಲಿಲ್ಲ. ಬೀರು ತೆಗೆದರೆ ಮುಗ್ಗಲು ವಾಸನೆ. ಆ ವರ್ಷ ಬೆಂಗಳೂರಲ್ಲಿ ಮಳೆ ನಿಂತೇ ಇರಲಿಲ್ಲ. ರೇಷ್ಮೆ ಸೀರೆಗಳನ್ನು ಹಾಲ್‌ನಲ್ಲಿ ಹಗ್ಗ ಕಟ್ಟಿ ನೆರಳಲ್ಲೇ ಹರವಿದೆವು. ನೇರ ಬಿಸಿಲು ಬಿದ್ದರೆ ಬಣ್ಣ ಹೋಗುತ್ತೆ. ನುಸಿಗುಳಿಗೆ ಜರಿಗೆ ತಾಗಬಾರದು, ಕಪ್ಪಾಗುತ್ತೆ. ಹಳೇ ಗೆರೆಯ ಮೇಲೆ ಮತ್ತೆ ಮಡಿಸದೆ ಬೇರೆ ಕಡೆ ಮಡಿಸಿ, ನನ್ನ ಹಳೇ ಬಿಳಿ ಪಂಚೆ ಹರಿದು ಒಂದೊಂದನ್ನೂ ಸುತ್ತಿಟ್ಟೆವು. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಟ್ಟಿದ್ದ ಎರಡಕ್ಕೆ ಆಗಲೇ ಬಿಳಿ ಮಚ್ಚೆ ಬಂದಿತ್ತು. ಬಿಟ್ಟುಹೋದವರ ಸಾಮಾನು ಮುಟ್ಟದೆ ಇಡುವುದೇ ಗೌರವ ಅಂದುಕೊಂಡಿದ್ದೆ. ಮುಟ್ಟದೆ ಇಟ್ಟರೆ ಹಾಳಾಗುತ್ತೆ, ಅಷ್ಟೇ.

ಇಳಕಲ್ ಸೀರೆಗಳ ಅಡಿಯಲ್ಲಿ ಒಂದು ಕಪ್ಪು ಬಟ್ಟೆ ಸಿಕ್ಕಿತು. ಅವಳು ಹಾಕುತ್ತಿದ್ದ ಕಸೂತಿ. ತೇರಿನ ಚಿತ್ತಾರ, ಅರ್ಧಕ್ಕೆ ನಿಂತಿತ್ತು. ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಹೋಗುವಾಗ ಒಂದು ಬಿಟ್ಟು ಒಂದು ಹಾಕಿಕೊಂಡು ಹೋಗುತ್ತಾರೆ. ವಾಪಸ್ ಬರುವಾಗ ನಡುವೆ ಬಿಟ್ಟದ್ದನ್ನು ತುಂಬುತ್ತಾರೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣುತ್ತೆ, ಗಂಟು ಹಾಕುವಂತಿಲ್ಲ. ಇದನ್ನೆಲ್ಲ ಅವಳೇ ಹಿಂದೆ ಹೇಳಿದ್ದು. ನಾನು ಮೊಬೈಲ್ ನೋಡುತ್ತಾ ಕೇಳಿದ್ದೆ. ತೇರಿನ ಗಾಲಿಯವರೆಗೆ ಹೋಗಿದ್ದ ದಾರ ವಾಪಸ್ ಬಂದಿರಲಿಲ್ಲ. ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು. ತುಕ್ಕು ಹಿಡಿದು ಸುತ್ತ ಕಂದು ಕಲೆ ಆಗಿತ್ತು. ಅಮ್ಮ ಸೂಜಿ ತೆಗೆಯಲು ಹೋದಳು. ಬೇಡ ಅಂದೆ. ಪಟ್ಟಿಯಲ್ಲಿ ಹೀಗೆ ಬರೆದೆ: "ಕಸೂತಿ, ಅರ್ಧ, ಸೂಜಿ ಸಮೇತ, 1".

ಪಟ್ಟಿ ಅಂದೆನಲ್ಲ, ಅದನ್ನು ಹೇಗೆ ಮಾಡಿದೆ ಅಂತ ಹೇಳಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್. ಎಡಗಡೆ ನಂಬರ್, ಆಮೇಲೆ ವಸ್ತು, ಎಲ್ಲಿ ಸಿಕ್ಕಿತು, ಅದರ ಸ್ಥಿತಿ, ಯಾವ ಡಬ್ಬಕ್ಕೆ ಹೋಯಿತು. ಮುಟ್ಟುವ ಮುಂಚೆ ಪ್ರತಿ ಕಪಾಟಿನ ಫೋಟೋ ತೆಗೆದೆ. ಸ್ಥಿತಿಯ ಕಾಲಂ ಬಿಟ್ಟರೆ ಮುಂದೆ ತೊಂದರೆ. 'ಮಿಕ್ಸಿ 1' ಅಂತ ಬರೆಯಬೇಡಿ, 'ಮಿಕ್ಸಿ 1, ಸಣ್ಣ ಜಾರಿನ ಮುಚ್ಚಳ ಒಡೆದಿದೆ' ಅಂತ ಬರೆಯಿರಿ. ಪ್ರತಿ ಭಾನುವಾರ ಆಯಾ ವಾರದ ಪುಟಗಳ ಫೋಟೋ ಅವಳಿಗೆ ವಾಟ್ಸಾಪ್ ಮಾಡುತ್ತಿದ್ದೆ. ಅದರ ಜೊತೆ ಬೇರೆ ಒಂದು ಮಾತೂ ಬರೆಯುತ್ತಿರಲಿಲ್ಲ. ಅವಳು ಬೇಕಾದದ್ದಕ್ಕೆ ಟಿಕ್, ಬೇಡದ್ದಕ್ಕೆ ಅಡ್ಡಗೆರೆ ಹಾಕಿ ವಾಪಸ್ ಕಳಿಸುತ್ತಿದ್ದಳು. ಕಳೆದ ಮೂರು ವರ್ಷದಲ್ಲಿ ನಮ್ಮಿಬ್ಬರ ನಡುವೆ ಇಷ್ಟು ಸರಾಗವಾಗಿ ಯಾವ ಮಾತುಕತೆಯೂ ನಡೆದಿರಲಿಲ್ಲ ಅನ್ನಿ.

ಪಾತ್ರೆಗಳ ವಿಷಯದಲ್ಲಿ ನಮ್ಮ ಹಿರಿಯರಿಗೆ ಕೈ ಮುಗಿಯಬೇಕು. ಮದುವೆಯಲ್ಲಿ ಕೊಡುವ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಚುಕ್ಕಿ ಚುಕ್ಕಿ ಅಕ್ಷರದಲ್ಲಿ. ಅದು ಜಂಬಕ್ಕೆ ಅಂತ ಅಂದುಕೊಂಡಿದ್ದೆ. ಈಗ ನೋಡಿದರೆ ಅದಕ್ಕಿಂತ ಒಳ್ಳೇ ದಾಖಲೆ ಇಲ್ಲ. ಹತ್ತು ಲೀಟರಿನ ಡಬರಿ ತಿರುಗಿಸಿದರೆ 'ಸವದತ್ತಿ ಕಾಕಾ' ಅಂತ ಇತ್ತು, ಪಕ್ಕದಲ್ಲಿ 2012ರ ತಾರೀಕು. ಹಿತ್ತಾಳೆ ಕೊಡದ ಕಂಠದ ಕೆಳಗೆ ಅವಳ ಅಮ್ಮನ ಹೆಸರು. ನಮ್ಮ ಕಡೆಯವರು ಕೊಟ್ಟ ಲೋಟಗಳ ಮೇಲೂ ಹೆಸರಿತ್ತು. ಆದರೆ ಅರ್ಧ ಲೋಟ ಅವಳಿಗೆ, ಅರ್ಧ ನನಗೆ ಅಂತ ಕೊಟ್ಟವರು ಯಾರು? 'ದಂಪತಿಗೆ' ಅಂತ ಬಂದವನ್ನು ಬೇರೆ ಪುಟಕ್ಕೆ ಹಾಕಿದೆ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಂ ಇರುವುದು ಇಂಥವಕ್ಕೇ. ಮದುವೆ ಹೊತ್ತಿಗೆ ಬಂದ, ಇಬ್ಬರಿಗೂ ಸೇರಿದ ವಸ್ತು ಏನಾಗಬೇಕು ಅಂತ ಕೋರ್ಟ್ ಹೇಳಬಹುದು. ಹನ್ನೆರಡು ಲೋಟಕ್ಕೆ ಕೋರ್ಟಿಗೆ ಹೋಗುವವರು ಯಾರು! ಆರು ಆರು ಮಾಡಿದೆವು.

ರೊಟ್ಟಿ ಹಂಚು ಮಾತ್ರ ಪಟ್ಟಿಯಲ್ಲಿ ಸೇರಿಸುವಾಗ ಕೈ ತಡೆಯಿತು. ಕಬ್ಬಿಣದ್ದು, ನಡು ತಗ್ಗು, ಕಪ್ಪಗೆ ಮಿಂಚುತ್ತಿತ್ತು. ನಾನು ರಾಗಿಮುದ್ದೆ ಊರವನು. ಜೋಳದ ರೊಟ್ಟಿ ತಟ್ಟಲು ಬರಲ್ಲ. ಆದರೂ ಎರಡು ವಾರ ಅದನ್ನು ಒಲೆ ಪಕ್ಕದಲ್ಲೇ ಬಿಟ್ಟಿದ್ದೆ.

ನಿಜವಾಗಿ ಎಲ್ಲಕ್ಕಿಂತ ಮೊದಲು ಕೊಡಬೇಕಾದದ್ದು ಕಾಗದ ಪತ್ರ. ನಾನು ಅದನ್ನು ಕೊನೆಗೆ ನೋಡಿದೆ. ಅವಳು ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಲು ಮಾರ್ಕ್ಸ್ ಕಾರ್ಡ್ ಇಲ್ಲದೆ ಪರದಾಡಿದ್ದು ಆಮೇಲೆ ತಿಳಿಯಿತು. ಕೇಳಲು ಸಂಕೋಚ ಅವಳಿಗೆ, ನೆನಪಿಲ್ಲ ನನಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಪಾನ್ ಕಾರ್ಡ್, ಬ್ಯಾಂಕಿನ ಪಾಸ್‌ಬುಕ್, ಆಸ್ಪತ್ರೆ ಫೈಲು, ಸ್ಕೂಟರಿನ ಆರ್‌ಸಿ. ಇವನ್ನು ಮೊದಲ ವಾರವೇ ಲಕೋಟೆಗೆ ಹಾಕಿ ಕಳಿಸಿ. ಅವಳ ಹಳೇ ಲ್ಯಾಪ್‌ಟಾಪ್, ಹಳೇ ಫೋನ್ ಆನ್ ಮಾಡಲಿಲ್ಲ. ಪಾಸ್‌ವರ್ಡ್ ಗೊತ್ತಿತ್ತು. ಒಂದು ರಾತ್ರಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೂ ಉಂಟು. ಬೆಳಿಗ್ಗೆ ಎದ್ದು ಟೇಪ್ ಸುತ್ತಿ ಡಬ್ಬಕ್ಕೆ ಹಾಕಿದೆ.

ಸಾಮಾನು ಒಪ್ಪಿಸಿದ್ದು 2023ರ ಸಂಕ್ರಾಂತಿ ಆದಮೇಲೆ. ಅವಳ ತಮ್ಮ ಗೂಡ್ಸ್ ಗಾಡಿ ಮಾಡಿಕೊಂಡು ಬಂದ. ಇಪ್ಪತ್ತೆರಡು ರಟ್ಟಿನ ಡಬ್ಬ. ಪ್ರತಿ ಡಬ್ಬದ ಒಳಗೆ ಒಂದು ಪಟ್ಟಿ, ಹೊರಗೆ ನಂಬರ್ ಮಾತ್ರ. ಒಳಗೆ ಏನಿದೆ ಅಂತ ಹೊರಗೆ ಬರೆದರೆ ದಾರಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಸಾಕ್ಷಿಗೆ ಎದುರುಮನೆ ಆಂಟಿ ಕೂತರು. ಒಂದೊಂದೇ ಡಬ್ಬ ಬಿಚ್ಚಿ ತೋರಿಸಿ ಮತ್ತೆ ಮುಚ್ಚುವುದಕ್ಕೆ ನಾಲ್ಕು ತಾಸು ಹಿಡಿಯಿತು. ಅವನಿಗೆ ಮುಜುಗರ.

"ಇದೇನ್ರಿ ಭಾವಾ, ಪಂಚನಾಮೆ ಮಾಡಿದಂಗ ಮಾಡಾಕತ್ತೀರಿ!"

"ನಿನಗೂ ಒಳ್ಳೇದು, ನನಗೂ ಒಳ್ಳೇದು ಕಣಪ್ಪ."

ಇನ್ನೂ ಭಾವ ಅನ್ನುತ್ತಿದ್ದ. ಈಗಲೂ ಹಾಗೇ ಕರೆಯುತ್ತಾನೆ. ಎರಡು ಪ್ರತಿ ಮಾಡಿ ಮೂವರೂ ಸಹಿ ಹಾಕಿದೆವು. ಕೌದಿಯನ್ನು ಡಬ್ಬಕ್ಕೆ ಹಾಕದೆ ಅವನ ಕೈಗೇ ಕೊಟ್ಟೆ. ಹಸಿರು ಹೊಲಿಗೆ ಕತೆಯನ್ನೂ ಹೇಳಿದೆ. ಮುಚ್ಚಿಟ್ಟಿದ್ದರೆ ಅವಳಿಗೆ ನೋಡಿದ ತಕ್ಷಣ ಗೊತ್ತಾಗುತ್ತಿತ್ತು. ಅವರ ಅಜ್ಜಿ ಹಸಿರು ದಾರ ಮುಟ್ಟಿದವಳಲ್ಲವಂತೆ.

ಲಾಕರ್ ಉಳಿದಿತ್ತು. ಇಬ್ಬರ ಹೆಸರಲ್ಲಿತ್ತು, ಒಬ್ಬರೇ ಹೋಗಿ ತೆಗೆಯಬಹುದಿತ್ತು. ನಾನು ಹೋಗಲಿಲ್ಲ. ಯಾರು ಯಾವಾಗ ತೆಗೆದರು ಅನ್ನುವುದು ಬ್ಯಾಂಕಿನ ದಾಖಲೆಯಲ್ಲಿ ಇರುತ್ತೆ. ಒಬ್ಬರೇ ಹೋಗಿ ಬಂದಮೇಲೆ ಒಳಗೆ ಏನಿತ್ತು ಅಂತ ಯಾರನ್ನು ನಂಬಿಸುವುದು? ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಆ ವರ್ಷ ತುಂಬಿದ ಮೇಲೆ ಅರ್ಜಿ ಹಾಕಲು ಅವಳು ಬೆಂಗಳೂರಿಗೆ ಬಂದಳು. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೆಲಸ ಮುಗಿಸಿ ಒಂದೇ ಆಟೋದಲ್ಲಿ ಬ್ಯಾಂಕಿಗೆ ಹೋದೆವು. ಅವಳದು ಒಂದೊಂದೇ ತೆಗೆದು ನೋಡಿ ಬ್ಯಾಗಿಗೆ ಹಾಕಿಕೊಂಡಳು. ನಾನು ಬರೆದುಕೊಂಡೆ. ಸರ ಎರಡೆಳೆಯದ್ದು, ಓಲೆ ಕೆಂಪು ಹರಳಿನದ್ದು, ಹೀಗೆ. ಗ್ರಾಂ ಒಂದೇ ಬರೆದರೆ ಯಾವುದು ಯಾವುದೋ ಗುರುತು ಸಿಗಲ್ಲ.

ಕೊನೆಗೆ ಅಜ್ಜಿಯ ಬಳೆ ಬಂತು. ಎರಡನ್ನೂ ನನ್ನ ಮುಂದೆ ಸರಿಸಿದಳು.

"ಇವು ಅತ್ತಿಯವರಿಗೆ ಕೊಡ್ರಿ."

"ನಿನ್ನದು. ಬೇಡ."

"ನನ್ನದು ಅಂತಲೇ ಕೊಡಾಕತ್ತೀನಿ."

ವಕೀಲರು ಮೊದಲೇ ಹೇಳಿದ್ದರು, ಏನಾದರೂ ವಾಪಸ್ ಬಂದರೆ 'ಸ್ವಂತ ಇಚ್ಛೆಯಿಂದ ಕೊಟ್ಟದ್ದು' ಅಂತ ಒಂದು ಸಾಲು ಬರೆಸಿಕೊಳ್ಳಿ ಅಂತ. ನೋಟ್‌ಬುಕ್ ಮುಂದಿಟ್ಟೆ. ಅವಳು ನಕ್ಕಳು. "ಇದಕ್ಕೂ ಪಟ್ಟಿ ಏನ್ರಿ?" ಅಂದಳು. ಬರೆದು ಸಹಿಯನ್ನೂ ಹಾಕಿದಳು. ಬಳೆ ಕೊಟ್ಟಾಗ ಅಮ್ಮ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ದೇವರ ಮುಂದೆ ಇಟ್ಟಳು.

ಪಟ್ಟಿಯಲ್ಲಿ ಒಟ್ಟು 214 ನಂಬರ್ ಇದ್ದವು. ಅರ್ಜಿಯ ಜೊತೆ ಅದರ ಪ್ರತಿಯೂ ಸೇರಿತು. ಹಂಚಿಗೆ ಅವಳು ಟಿಕ್ ಹಾಕಿದ್ದಳು, ಹೋಯಿತು. ಗ್ಯಾಸ್ ಅವಳ ಹೆಸರಲ್ಲಿತ್ತು, ಅದನ್ನು ನನ್ನ ಹೆಸರಿಗೆ ಮಾಡಿಸಲು ಅವಳಿಂದ ಒಂದು ಒಪ್ಪಿಗೆ ಪತ್ರ ಬೇಕಾಯಿತು. ನನ್ನ ಪಿಎಫ್‌ನಲ್ಲಿ, ವಿಮೆಯಲ್ಲಿ ನಾಮಿನಿ ಇನ್ನೂ ಅವಳೇ ಇದ್ದದ್ದು ನೆನಪಾಗಿದ್ದು ಎಷ್ಟೋ ತಿಂಗಳ ಮೇಲೆ. ಈಗಲೂ ಅವಳ ಹೆಸರಿಗೆ ಅಂಚೆ ಬರುತ್ತದೆ. ಒಡೆಯದೆ ಹೊರಗಿನ ಫೋಟೋ ತೆಗೆದು ಕಳಿಸುತ್ತೇನೆ.

89ನೇ ನಂಬರ್ ಒಂದು ಮಾತ್ರ ಹಾಗೇ ಉಳಿದಿದೆ. ಮದುವೆ ಆಲ್ಬಮ್, ದೊಡ್ಡದು, ಪೆಟ್ಟಿಗೆ ಸಮೇತ. ಅವಳು ಟಿಕ್ಕೂ ಹಾಕಲಿಲ್ಲ, ಅಡ್ಡಗೆರೆಯನ್ನೂ ಎಳೆಯಲಿಲ್ಲ. ನಾನೂ ಕೇಳಲಿಲ್ಲ. ಪಂಚೆ ಬಟ್ಟೆಯಲ್ಲಿ ಸುತ್ತಿ, 23 ಅಂತ ನಂಬರ್ ಹಾಕಿದ ಡಬ್ಬದಲ್ಲಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಇಳಿಸಿ ಗಾಳಿಗೆ ಇಡುತ್ತೇನೆ.