ಕಲಬುರಗಿ ಬ್ಯಾಸಗ್ಯಾಗ ಎಸಿಗೆ ರೊಕ್ಕ ಸುರೀದೆ ಮಲಗೋ ಖೋಲಿ ತಂಪಿಟ್ಟಿದ್ದು

ನಮ್ಮದು ಕಲಬುರಗ್ಯಾಗ ಮ್ಯಾಲಿನ ಮಜಲಿನ ಮನಿ, ತಲಿ ಮ್ಯಾಲ ಸೀದಾ ಆರ್‌ಸಿಸಿ ಛತ್ತು. ಏಪ್ರಿಲ್ ಮೇ ಒಳಗ 40-42 ಡಿಗ್ರಿ ಅಂದ್ರ ಇಲ್ಲಿ ಯಾರೂ ಹೌಹಾರಂಗಿಲ್ಲ, ಹಗಲು ಹೆಂಗೋ ದಾಟತದ. ತ್ರಾಸ ಇರೋದು ರಾತ್ರಿದು. ಹನ್ನೊಂದಕ್ಕ ಹೊರಗ ಅಂಗಳದಾಗ ನಿಂತ್ರ ಆರಾಮ್ ಅನಸ್ತದ, ಖೋಲ್ಯಾಗ ಬಂದು ಫ್ಯಾನ್ ಹಚ್ಚಿದ್ರ ಬಿಸಿಗಾಳಿ ಮಾರಿಗೆ ಹೊಡೀತದ. ಒಮ್ಮೆ ಸ್ಟೂಲ್ ಮ್ಯಾಲ ಹತ್ತಿ ಛತ್ತಿಗೆ ಒಳಗಿಂದ ಕೈ ಹಚ್ಚಿ ನೋಡ್ರಿ, ಒಲಿ ಆರಿಸಿದ ಮ್ಯಾಲೂ ಕಾವು ಹಿಡದಿರೋ ರೊಟ್ಟಿ ಹಂಚಿನಂಗ ಇರ್ತದ. ಕಾಂಕ್ರೀಟ್ ಹಗಲೆಲ್ಲಾ ಬಿಸಿಲು ಕುಡದು ಸಂಜಿಂದ ನಡುರಾತ್ರಿ ತನಕ ಒಳಗ ಬಿಡ್ತದ, ಫ್ಯಾನ್ ಅದೇ ಕಾವನ್ನ ನಮ್ಮ ಮ್ಯಾಲ ದಬ್ಬತದ ಅಷ್ಟೇ. ಅದಕ್ಕ ನಾ ಮಷೀನ್ ತಗೊಳ್ಳೋಕಿಂತ ಮೊದಲು ಛತ್ತಿಗೆ ಕೈ ಹಾಕಿದೆ.

ಫೆಬ್ರವರಿ ಕೊನೀಗೆ ಛತ್ತು ಸ್ವಚ್ಛ ಬಳದು ತೊಳದು ಸುಣ್ಣ ಹೊಡಸೋದು. ಸುಣ್ಣ ಹಿಂದಿನ ರಾತ್ರಿನೇ ನೀರಾಗ ನೆನೆಹಾಕಿ, ಮುಂಜಾನಿ ಜಾಳಗಿ ಹಿಡದು ಸೋಸಿ, ಹಿಡದು ಕೂಡಲಿ ಅಂತ ಫೆವಿಕಾಲ್ ಕಲಸಿ ದೊಡ್ಡ ಬ್ರಶ್‌ಲೆ ಎರಡು ಕೋಟ್, ಒಂದು ಒಣಗಿದ ಮ್ಯಾಲ ಇನ್ನೊಂದು. ಕಣ್ಣಿಗೆ ಸಿಡದ್ರ ಸುಡತದ, ಚಷ್ಮಾ ಹಾಕೊಂಡೇ ಮಾಡ್ರಿ. ಕೂಲ್ ರೂಫ್ ಪೇಂಟ್ ಅಂತ ಡಬ್ಬಿನೂ ಸಿಗ್ತಾವ, ಮಳಿಗಾಲ ದಾಟಿ ಬಾಳ್ತಾವ ಆದ್ರ ರೇಟ್ ಭಾಳ. ಸುಣ್ಣ ಮಳಿಗೆ ತೊಳದು ಹೋಗ್ತದ, ಹೋಗಲಿ ಬಿಡ್ರಿ, ನಮಗ ಬೇಕಾಗಿದ್ದು ಮೂರು ತಿಂಗಳು. ಒಂದೇ ಮಾತು, ನಮ್ಮೂರ ಧೂಳಿಗೆ ಬಿಳಿ ಛತ್ತು ಲಗೂನ ಕೆಂಪಾಗ್ತದ, ಆಗಾಗ ಕಸಬರಗಿ ಆಡಸ್ಲಿಲ್ಲಂದ್ರ ಸುಣ್ಣದ ಉಪಯೋಗ ಅರ್ಧ ಕಮ್ಮಿ. ಸಂಜಿಮುಂದ ಛತ್ತಿಗೆ ನೀರು ಹೊಡಿಯೋ ರೂಢಿ ಭಾಳ ಮಂದಿಗೆ ಅದ, ಕೆಲಸ ಮಾಡ್ತದ ಇಲ್ಲಂತಿಲ್ಲ, ಆದ್ರ ನಳದ ನೀರಿಗೆ ಕಾಯ್ಕೊಂತ ಕೂಡೋ ಊರಾಗ ಕೊಡಗಟ್ಟಲೆ ಸುರಿಯೋದು ನನಗ ಸರಿ ಅನಸಂಗಿಲ್ಲ.

ಆಮ್ಯಾಲ ಪಡುವಲ ಗ್ವಾಡಿ. ನಮ್ಮ ಮಲಗೋ ಖೋಲಿ ಕಿಡಕಿ ಆ ಕಡೀನೇ ಅದ, ಮೂರರಿಂದ ಬಿಸಿಲು ಸೀದಾ ಒಳಗ. ಒಳಗ ಪರದಾ ಹಾಕಿದ್ರ ಬಿಸಿಲು ಕಾಜು ದಾಟಿ ಒಳಗ ಬಂದೇ ಬಿಟ್ಟಿರ್ತದ, ಕಾದ ಪರದಾ ಮತ್ತ ಖೋಲಿಗೇ ಕಾವು ಬಿಡ್ತದ. ಹಂಗಾಗಿ ನರ್ಸರಿಗೆ ಹಾಕೋ ಹಸಿರು ನೆಟ್ ತಂದು ಹೊರಗ, ಗ್ವಾಡಿಗೆ ತಾಗಸ್ದೆ ಒಂದು ಗೇಣು ಬಿಟ್ಟು ಬಿಗದೆ, ನಡುವ ಗಾಳಿ ಆಡಬೇಕು. ಈ ಎಲ್ಲಾ ಕೆಲಸದಾಗ ರೊಕ್ಕಕ್ಕ ತಕ್ಕ ಲಾಭ ಅಂದ್ರ ಇದೇ.

ಕಿಡಕಿ ತೆಗಿಯೋ ಟೈಮಿಗೂ ಒಂದು ಲೆಕ್ಕ ಅದ. ಭಾಳ ಮಂದಿ ಹಗಲು ಗಾಳಿ ಬರಲಿ ಅಂತ ತೆಗೀತಾರ, ರಾತ್ರಿ ಮಚ್ಛರ ಬರ್ತಾವಂತ ಮುಚ್ಚತಾರ, ಪೂರಾ ಉಲ್ಟಾ. ನಾವು ಮುಂಜಾನಿ ಎಂಟೂವರಿಗೆ ಎಲ್ಲಾ ಗಚ್ಚಂತ ಮುಚ್ಚಿಬಿಡ್ತೀವಿ, ಸಂಜಿ ಹೊರಗಿನ ಗಾಳಿ ಒಳಗಿಂದಕ್ಕಿಂತ ತಂಪಾದ ಮ್ಯಾಲೇ ತೆಗಿಯೋದು. ಗೊತ್ತಾಗಲಿ ಅಂತ ಎರಡು ಸಸ್ತಾ ಥರ್ಮಾಮೀಟರ್ ತೂಗುಹಾಕೀನಿ, ಒಂದು ಒಳಗ, ಒಂದು ಹೊರಗ ನೆರಳಿಗೆ. ತೆಗೆದ ಕೂಡಲೇ ಎದುರ ಗ್ವಾಡಿ ಮ್ಯಾಲಿನ ಎಕ್ಸಾಸ್ಟ್ ಫ್ಯಾನ್ ಹಚ್ಚಿದ್ರ ಛತ್ತಿನ ಕೆಳಗ ಕೂತ ಬಿಸಿಗಾಳಿ ಹೊರಗ ಹೋಗ್ತದ, ಕಿಡಕ್ಯಾಗಿಂದ ತಂಪು ಬರ್ತದ. ಎಕ್ಸಾಸ್ಟ್ ಇಲ್ಲಂದ್ರ ಟೇಬಲ್ ಫ್ಯಾನ್ ಕಿಡಕಿ ಕಡೆ ಮಾರಿ ಮಾಡಿ ಇಟ್ರೂ ನಡೀತದ. ಮಚ್ಛರಕ್ಕ ಜಾಳಗಿ ಬೇಕೇ ಬೇಕು, ಅದರಾಗ ಧೂಳು ತುಂಬಿದ್ರ ಗಾಳಿ ನಿಂತ್ಹೋಗ್ತದ, ತೊಳಕೊಂತ ಇರ್ರಿ.

ಹಾಸಿಗಿ ಬಗ್ಗೆ ಯಾರೂ ಮಾತಾಡಂಗಿಲ್ಲ. ದಪ್ಪ ಫೋಮ್ ಗಾದಿ ಬೆನ್ನಿನ ಕಾವು ಬೆನ್ನಿಗೇ ಇಡ್ತದ. ನಾ ಬ್ಯಾಸಗಿಗೆ ನವಾರದ ಹೊರಸಿನ ಮ್ಯಾಲ ತೆಳ್ಳಗಿನ ಕೌದಿ ಹಾಸಿ ಮಲಗ್ತೀನಿ, ಕೆಳಗಿಂದನೂ ಗಾಳಿ ಆಡ್ತದ. ಹುಡುಗ್ರು ಶಹಾಬಾದ್ ಫರಸಿ ಮ್ಯಾಲೇ ಚಾದರ ಹಾಸಿ ಬೀಳ್ತಾವ, ಅವುಕ್ಕ ಏನೂ ಬ್ಯಾಡ.

ಇಷ್ಟು ಆದ ಮ್ಯಾಲ ಮಷೀನಿನ ಮಾತು. ಹಳೇ ಸೀಲಿಂಗ್ ಫ್ಯಾನ್ 75 ವ್ಯಾಟ್ ತಿಂತಿತ್ತು, ಕಮ್ಮಿ ಕರೆಂಟ್ ತಿನ್ನೋ ಬಿಎಲ್‌ಡಿಸಿ ಮೋಟಾರಿನ ಫ್ಯಾನ್ ಹಾಕಿಸಿದ ಮ್ಯಾಲ 30ರ ಆಸುಪಾಸು. ಕೂಲರ್ 180 ವ್ಯಾಟಿಂದು, ಎಂಟು ತಾಸಿಗೆ ಒಂದೂವರಿ ಯುನಿಟ್ ಒಳಗ. ಒಣ ಹವಾ ಇದ್ದಷ್ಟೂ ಕೂಲರ್ ಚೊಲೊ ಕೆಲಸ ಮಾಡ್ತದ, ಯಾಕಂದ್ರ ನೀರು ಆರಿದ್ರೇ ತಂಪು. ಅದಕ್ಕ ಕೂಲರನ್ನ ಕಿಡಕಿಗೆ ಹೊರಗಿನ ಗಾಳಿ ಎಳಿಯೋ ಹಂಗ ಇಟ್ಟು ಎದುರಿನ ಬಾಗಲಾ ತೆಗೆದಿಡಬೇಕು. ಖೋಲಿ ಮುಚ್ಚಿ ಹಚ್ಚಿದ್ರ ಒಂದು ತಾಸಿನಾಗ ಮೈಯೆಲ್ಲಾ ಜಿಗಟು, ಆಮ್ಯಾಲ ಕೂಲರ್ ಸುಮಾರದ ಅಂತ ಬೈಯೋದು. ನಮ್ಮ ಬೋರ್ ನೀರು ಗಡಸು, ಪ್ಯಾಡ್ ಮ್ಯಾಲ ಬಿಳಿ ಉಪ್ಪು ಕಟ್ಟತದ, ವಾರಕ್ಕೊಮ್ಮೆ ಟಾಕಿ ಖಾಲಿ ಮಾಡಿ ತೊಳಿಬೇಕು, ಇಲ್ಲಂದ್ರ ವಾಸನಿನೂ ಬರ್ತದ, ಮಚ್ಛರನೂ ತತ್ತಿ ಇಡ್ತಾವ.

ಎಸಿನೂ ಅದ ನಮ್ಮನ್ಯಾಗ, ಒಂದು ಟನ್ನಿಂದು, ಇಲ್ಲಂತ ಸುಳ್ಳು ಹೇಳಂಗಿಲ್ಲ. ಆದ್ರ ಲೆಕ್ಕ ನೋಡ್ರಿ, ಅದು ತಾಸಿಗೆ ಸುಮಾರು ಒಂದು ಯುನಿಟ್ ಎಳೀತದ, ಇನ್ವರ್ಟರ್ ಎಸಿ ಇದ್ರ ಖೋಲಿ ತಂಪಾದ ಮ್ಯಾಲ ಕಮ್ಮಿ ಆಗ್ತದ ಖರೆ, ಆದ್ರ ಛತ್ತು ಕಾದಿದ್ರ ಅದಕ್ಕ ಕಮ್ಮಿ ಆಗೋ ಅವಕಾಶನೇ ಸಿಗಂಗಿಲ್ಲ. ಪೂರಾ ರಾತ್ರಿ ಓಡಿಸಿದ್ರ ತಿಂಗಳಿಗೆ ಎಸಿದೇ 200 ಯುನಿಟ್ ಹತ್ತಿರ. ಗೃಹಜ್ಯೋತಿ ಒಳಗ 200 ದಾಟಿತು ಅಂದ್ರ ಪೂರಾ ಬಿಲ್ ನಾವೇ ಕಟ್ಟಬೇಕು, ದಾಟಿದಷ್ಟಕ್ಕ ಮಾತ್ರ ಅಲ್ಲ. ಹಂಗಾಗಿ ಮಲಗೋಕಿಂತ ಅರ್ಧ ತಾಸು ಮೊದಲು ಹಚ್ಚಿ, 27ಕ್ಕ ಇಟ್ಟು ಫ್ಯಾನ್ ಸಣ್ಣಗ ಬಿಟ್ಟು, ಎರಡು ತಾಸಿಗೆ ಟೈಮರ್. ಅಷ್ಟರಾಗ ನಿದ್ದಿ ಹತ್ತಿರ್ತದ, ಛತ್ತೂ ಆರಿರ್ತದ, ಆಮ್ಯಾಲ ಕಿಡಕಿ ತೆಗೆದು ಫ್ಯಾನ್ ಒಂದೇ ಸಾಕು. 2020ರಿಂದ ಹೊಸ ಎಸಿಗಳು ಹಚ್ಚಿದ ಕೂಡಲೇ 24ಕ್ಕ ನಿಂದರೋ ಹಂಗ ಸರಕಾರ ನಿಯಮ ಮಾಡ್ಯದ, ಒಂದು ಡಿಗ್ರಿ ಏರಿಸಿದ್ರ ಸುಮಾರು 6% ಕರೆಂಟ್ ಉಳೀತದ ಅಂತ ಕರೆಂಟ್ ಉಳಿತಾಯ ನೋಡ್ಕೊಳ್ಳೋ ಕೇಂದ್ರ ಸರಕಾರದ ಸಂಸ್ಥೆ ಬಿಇಇ ಹೇಳ್ತದ. ಮಂದಿ ಇನ್ನೂ 18ಕ್ಕ ಇಳಿಸಿ ರಗ್ಗು ಹೊದಕೊಂಡು ಮಲಗ್ತಾರ, ಅದ್ಯಾವ ಸುಖಾನೋ.

ಮಂಗಳೂರು ಉಡುಪಿ ಕಡೆಯವ್ರು ಇದನ್ನ ಓದಿ ಕೂಲರ್ ತರಾಕ ಹೋಗಬ್ಯಾಡ್ರಿ, ಅಲ್ಲಿ ಹವಾದಾಗ ಮೊದಲೇ ನೀರಿನ ಪಸಿ ಅದ, ಕೂಲರ್ ಅದನ್ನ ಇನ್ನಷ್ಟು ಹೆಚ್ಚಿಗಿ ಮಾಡ್ತದ. ಛತ್ತು, ನೆಟ್, ಎಕ್ಸಾಸ್ಟ್, ಎಸಿ ಟೈಮರ್ ಇವಷ್ಟು ಅಲ್ಲೂ ನಡೀತಾವ. ನಮ್ಮಲ್ಲೂ ಜೂನಿನಾಗ ಮಳಿ ಹಿಡಿತು ಅಂದ್ರ ಕೂಲರ್ ಒಣಗಿಸಿ ಪ್ಯಾಡ್ ತೆಗೆದು ಮಾಳಿಗಿ ಮ್ಯಾಲ ಮುಚ್ಚಿ ಇಟ್ಟುಬಿಡ್ತೀವಿ.