ಕೇಳುವುದು ಫೋನಿನಲ್ಲಿ, ಮಾತಾಡುವುದು ಕ್ಲಾಸಿನಲ್ಲಿ

ಬಳ್ಳಾರಿಯಲ್ಲಿ ನಾನು ಇಂಗ್ಲಿಷ್ ಕಲಿಸುವುದು ದೊಡ್ಡವರಿಗೆ. ಜೀನ್ಸ್ ಹೊಲಿಯುವವರು, ಅಂಗಡಿಯವರು, ತೋರಣಗಲ್ಲಿಗೆ ಶಿಫ್ಟ್ ಕೆಲಸಕ್ಕೆ ಹೋಗುವವರು. ದಿನಾ ಸಂಜೆ ಬನ್ನಿ ಅಂದರೆ ಇವರಿಗೆ ಆಗುವುದಿಲ್ಲ. ಪೀಸ್ ಲೆಕ್ಕದಲ್ಲಿ ಹೊಲಿಯುವವರು ಒಂದು ಗಂಟೆ ಕ್ಲಾಸಿಗೆ ಕೂತರೆ ಅಷ್ಟು ಕೂಲಿ ಹೋಯಿತು. ಅದಕ್ಕೇ ವಾರವಿಡೀ ವಾಟ್ಸಾಪ್, ಭಾನುವಾರ ಮಾತ್ರ ಕ್ಲಾಸು.

2007ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಜೊನಾಥನ್ ಬರ್ಗ್‌ಮನ್, ಆರನ್ ಸ್ಯಾಮ್ಸ್ ಅನ್ನುವ ಕೆಮಿಸ್ಟ್ರಿ ಮೇಷ್ಟ್ರುಗಳು ಕ್ಲಾಸ್ ತಪ್ಪಿದ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡತೊಡಗಿದರು. ಆಮೇಲೆ ಪಾಠ ಮನೆಗೆ ಹೋಯಿತು, ಕ್ಲಾಸು ಅಭ್ಯಾಸಕ್ಕೆ ಉಳಿಯಿತು. ನನ್ನದೂ ಅದೇ ದಾರಿ, ಆದರೆ ವಿಡಿಯೊ ಅಲ್ಲ, ಆಡಿಯೊ. ಹೊಲಿಯುವವರ ಕಣ್ಣು ಬಟ್ಟೆ ಮೇಲೇ ಇರಬೇಕು ಅಲ್ವಾ?

ಒಂದೊಂದು ಆಡಿಯೊ ಮೂರೇ ನಿಮಿಷ. ವಿವರಣೆ ಕನ್ನಡದಲ್ಲಿ, ನಡುನಡುವೆ ತೆಲುಗು. 'ಆರ್ಡರ್ ಕಳಿಸಿದೆ' ಅನ್ನುವಾಗ ನಾವು ಕೊನೆಗೆ ಹೇಳುವ 'ಕಳಿಸಿದೆ' ಅನ್ನುವ ಮಾತು ಇಂಗ್ಲಿಷಿನಲ್ಲಿ ನಡುವೆ ಬರುತ್ತದೆ, 'ಐ ಸೆಂಟ್ ದಿ ಆರ್ಡರ್'. ಇದು ಬಾಯಿಗೆ ಕೂರಬೇಕಾದರೆ ಮತ್ತೆ ಮತ್ತೆ ಕೇಳಬೇಕು, ಆದರೆ ಎಲ್ಲರ ಎದುರು 'ಇನ್ನೊಂದ್ಸಲ ಹೇಳಿ ಮೇಡಂ' ಅನ್ನಲು ದೊಡ್ಡವರಿಗೆ ತುಂಬಾ ಸಂಕೋಚ. ಫೋನಿನ ಮುಂದೆ ಆ ಸಂಕೋಚ ಇಲ್ಲ. ಉತ್ತರವನ್ನೂ ಗ್ರೂಪಿಗೆ ಹಾಕಿಸುವುದಿಲ್ಲ, ಅವರ ದನಿಯಲ್ಲೇ ನನಗೊಬ್ಬಳಿಗೆ ಕಳಿಸುತ್ತಾರೆ. ಜಾಸ್ತಿ ಜನ 'ಇಸ್ಟೇಷನ್', 'ಇಸ್ಟಾಕ್' ಅಂದಿದ್ದರೆ ಆ ವಾರ ಅದನ್ನಷ್ಟೇ ಕ್ಲಾಸಿಗೆ ತರುತ್ತೇನೆ, ಯಾರದು ಅಂತ ಹೇಳುವುದಿಲ್ಲ.

ಭಾನುವಾರ ನಾನು ಮಾತಾಡುವುದು ಕಡಿಮೆ. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತೇನೆ. ಒಬ್ಬರು ಹೊರಗಿನ ವ್ಯಾಪಾರಿ, ಇನ್ನೊಬ್ಬರು ಇಲ್ಲಿನ ಅಂಗಡಿಯವರು, ಫೋನಿನಲ್ಲಿ ಮಾತಾಡುವಂತೆ ಸೈಜು, ರೇಟು, ಲಾರಿ ಯಾವತ್ತು ಬರುತ್ತದೆ ಎಲ್ಲ ಮಾತಾಡಬೇಕು. ಮುಖ ಕಾಣದಿದ್ದಾಗ ಕೈಸನ್ನೆ ನಡೆಯುವುದಿಲ್ಲ. ತಿಳಿಯದಿದ್ದರೆ 'ಏನಂದ್ರಿ ಅಣ್ಣ' ಅನ್ನುವಂತಿಲ್ಲ, 'ಕ್ಯಾನ್ ಯು ರಿಪೀಟ್ ದಟ್' ಅಂತಲೇ ಕೇಳಬೇಕು.

ಆಡಿಯೊ ಕೇಳದೆ ಬಂದವರಿಗೆ ಅದೇ ಪಾಠ ಮತ್ತೆ ಮಾಡುವುದಿಲ್ಲ. ಮಾಡಿದರೆ ಕೇಳಿ ಬಂದವರು ಮುಂದಿನ ವಾರ ಯಾಕೆ ಕೇಳಬೇಕು? ಕೇಳದೆ ಬಂದವರು ಮೊದಲ ಹತ್ತು ನಿಮಿಷ ಮೂಲೆಯಲ್ಲಿ ಕೂತು ಕೇಳಿ ಬಂದು ಜೊತೆಗೂಡುತ್ತಾರೆ. ಮನೆಯಲ್ಲಿ ಒಂದೇ ಫೋನಿದ್ದು, ಅದೂ ಮಗನ ಕೈಯಲ್ಲೋ ಗಂಡನ ಕೈಯಲ್ಲೋ ಇರುವ ಅಕ್ಕಂದಿರ ಮಾತು ಬೇರೆ. ಅವರು ಬೇಗ ಬರುತ್ತಾರೆ, ಕ್ಲಾಸ್ ಶುರುವಾಗುವವರೆಗೆ ನನ್ನ ಫೋನು ಅವರದು.