ರಾಣಿ ಬುಸ್ ಅನ್ನದ ದಿನ

ನಮ್ಮ ಬೆಕ್ಕು ರಾಣಿ ನನ್ನನ್ನು ಕಂಡರೆ ಬುಸ್ ಎನ್ನುತ್ತಿದ್ದಳು. ಮುಂಬೈನ ಭಾಂಡುಪ್‌ನಲ್ಲಿರುವ ಬೆಕ್ಕುಗಳ ಈ ಸಣ್ಣ ಶೆಲ್ಟರ್‌ಗೆ ನಾನು ಮುಲುಂಡ್‌ನಿಂದ ವಾರಕ್ಕೆ ಮೂರು ದಿನ ಹೋಗುತ್ತೇನೆ. ಆರು ವರ್ಷವಾಯಿತು. ರಾಣಿ ಬಂದು ಎಂಟು ತಿಂಗಳಾದರೂ ಒಮ್ಮೆಯೂ ಮೈ ಮುಟ್ಟಲು ಬಿಟ್ಟಿರಲಿಲ್ಲ. ಹೋದ ಮಳೆಗಾಲದ ಒಂದು ಬೆಳಿಗ್ಗೆ ಕೈ ಚಾಚಿದೆ, ಸುಮ್ನೆ ಕೂತಳು. ತಲೆ ಸವರಿದೆ. ಗುರ್ ಗುರ್ ಕೂಡ ಅಂದಳು. ಖುಷಿಗೆ ಫೋಟೊ ತೆಗೆದು ಎಲ್ಲರಿಗೂ ಕಳಿಸಿದೆ: ‘ಅಂತೂ ಒಲಿದಳು!’

ಕಸ ಗುಡಿಸಲು ಬರುವ ವಿಜಯಪುರ ಕಡೆಯ ಅಕ್ಕ ಪೊರಕೆ ಹಿಡಿದು ಅಲ್ಲೇ ನಿಂತರು. “ಮೇಡಂ, ಇದು ಒಲದಿದ್ದಲ್ರಿ. ಇದಕ್ಕ ಮೈಯಾಗ ಆರಾಮ ಇಲ್ಲ.”

ಜ್ವರ ನೋಡಿದರೆ 40.3 ಡಿಗ್ರಿ ಸೆಲ್ಸಿಯಸ್. ಬೆಕ್ಕಿಗೆ 38ರಿಂದ 39ರ ಆಸುಪಾಸು ಸಹಜ. ಡಾಕ್ಟರು ಹುಡುಕಿದಾಗ ಬಾಲದ ಬುಡದಲ್ಲಿ, ಕೂದಲಿನ ಅಡಿ, ಇನ್ನೊಂದು ಬೆಕ್ಕು ಕಚ್ಚಿದ ಗಾಯ ಕೀವು ತುಂಬಿ ಊದಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಕೀವು ತೆಗೆದು ಔಷಧಿ ಶುರು ಮಾಡಿದರು. ನಾಲ್ಕನೇ ದಿನ ನನ್ನನ್ನು ನೋಡಿ ಬುಸ್ ಎಂದಳು. ಆವತ್ತು ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ಅಲ್ಲಿಯವರೆಗೆ ನಾನು ಕಾಯಿಲೆಯ ಗುರುತು ಹುಡುಕುತ್ತಿದ್ದೆ. ವಾಂತಿ, ಭೇದಿ, ಸೀನು. ಆದರೆ ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಅವೆಲ್ಲ ಕಾಣುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಗುರ್ ಗುರ್ ಅನ್ನುವುದನ್ನೂ ನಂಬುವಂತಿಲ್ಲ, ನೋವಿದ್ದಾಗಲೂ ಅನ್ನುತ್ತದೆ. ಈಗ ನಾನು ನೋಡುವುದು ಒಂದೇ: ಇದು ನಿನ್ನೆ ಇದ್ದ ಹಾಗೆ ಇದೆಯಾ? ಅದಕ್ಕೆ ಮೊದಲು ನಿನ್ನೆ ಹೇಗಿತ್ತು ಅಂತ ಗೊತ್ತಿರಬೇಕು, ಅಲ್ವಾ? ಒಂದು ನೋಟ್‌ಬುಕ್ ಇಟ್ಟೆವು. ಒಂದೊಂದು ಬೆಕ್ಕಿಗೂ ಒಂದು ಪುಟ. ಯಾವುದು ಊಟಕ್ಕೆ ಮೊದಲು ಓಡಿ ಬರುತ್ತದೆ, ಯಾವುದು ಕಿಟಕಿಯಲ್ಲೇ ಮಲಗುತ್ತದೆ, ಯಾವುದಕ್ಕೆ ಯಾರನ್ನು ಕಂಡರೆ ಆಗುವುದಿಲ್ಲ, ಎಲ್ಲ ಬರೆಯುತ್ತೇವೆ.

ಊಟದ ವಿಷಯದಲ್ಲಿ ನಾವು ಮಾಡುತ್ತಿದ್ದ ದೊಡ್ಡ ತಪ್ಪು, ಎಲ್ಲಕ್ಕೂ ಸೇರಿಸಿ ಒಂದೇ ತಟ್ಟೆ ಇಡುತ್ತಿದ್ದುದು. ತಟ್ಟೆ ಖಾಲಿಯಾದರೆ ಎಲ್ಲವೂ ತಿಂದವು ಅಂದುಕೊಳ್ಳುತ್ತಿದ್ದೆವು. ಈಗ ಬೇರೆ ಬೇರೆ ಬಟ್ಟಲು. ಬಟ್ಟಲ ಹತ್ತಿರ ಬಂದು, ಮೂಸಿ, ಹಿಂದೆ ಹೋಗುವ ಬೆಕ್ಕಿಗೆ ಹಸಿವಿದ್ದೂ ತಿನ್ನಲು ಆಗದೆ ಇರಬಹುದು. ಹಲ್ಲೋ ವಸಡೋ ನೋಯುತ್ತಿರಬಹುದು. ಮೂಗು ಕಟ್ಟಿದ್ದರೆ ವಾಸನೆ ಸಿಗದೆ ತಿನ್ನುವುದಿಲ್ಲ, ಮೀನನ್ನು ಸ್ವಲ್ಪ ಬಿಸಿ ಮಾಡಿ ಕೊಟ್ಟರೆ ತಿಂದೀತು. ಆದರೆ ಒಂದು ದಿನ ಪೂರ್ತಿ ತಿನ್ನದಿದ್ದರೆ ನಾನು ಕಾಯುವುದಿಲ್ಲ. ಅದರಲ್ಲೂ ದಪ್ಪ ಬೆಕ್ಕು ಕೆಲವೇ ದಿನ ಉಪವಾಸ ಬಿದ್ದರೂ ಲಿವರ್‌ನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ.

ಪ್ರತಿ ಭಾನುವಾರ ತೂಕ ನೋಡುತ್ತೇವೆ. 4 ಕಿಲೋ ಬೆಕ್ಕು 200 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ. ಅದು 60 ಕಿಲೋ ಮನುಷ್ಯ 3 ಕಿಲೋ ಇಳಿದ ಹಾಗೆ. ಮಲಗಿದ್ದಾಗ ಉಸಿರು ಎಣಿಸುತ್ತೇನೆ. ನಿಮಿಷಕ್ಕೆ 30 ದಾಟಿದರೆ ಮತ್ತೊಮ್ಮೆ ಎಣಿಸಿ ಡಾಕ್ಟರಿಗೆ ಫೋನು.

ಮುಖ ನೋಡುವುದನ್ನೂ ಕಲಿತೆ. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿಯೇ ನೋವು ಅಳೆಯುವ ಕ್ರಮ ಪ್ರಕಟಿಸಿದ್ದಾರೆ. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಹಿಡಿದಿರುವ ರೀತಿ, ಈ ಐದನ್ನು ನೋಡಬೇಕು. ಕಿವಿ ಪಕ್ಕಕ್ಕೆ ತಿರುಗಿ, ಕಣ್ಣು ಅರೆಮುಚ್ಚಿ, ತಲೆ ಭುಜಕ್ಕಿಂತ ಕೆಳಗಿಳಿದು ಕೂತ ಬೆಕ್ಕು ನಿದ್ದೆಗಣ್ಣಿನಲ್ಲಿದೆ ಅಂತ ಮೊದಲೆಲ್ಲ ದಾಟಿ ಹೋಗಿದ್ದೇನೆ.

ಒಂದು ಗಂಡು ಬೆಕ್ಕನ್ನು ನಾವು ಕಳೆದುಕೊಂಡೆವು. ಹೆಸರು ಬಂಗುಡೆ. ಮತ್ತೆ ಮತ್ತೆ ಮಲಮೂತ್ರಕ್ಕೆಂದು ಮರಳು ಹಾಕಿಟ್ಟ ಟ್ರೇಗೆ ಹೋಗಿ ತಿಣುಕುತ್ತಿದ್ದ. ಮಲಬದ್ಧತೆ ಅಂದುಕೊಂಡು ಒಂದು ದಿನ ಕಾದೆವು. ಮೂತ್ರ ಕಟ್ಟಿತ್ತು. ಗಂಡು ಬೆಕ್ಕಿಗೆ ಅದು ಗಂಟೆಗಳ ಲೆಕ್ಕದ ಕಾಯಿಲೆ, ರಾತ್ರಿಯೇ ಆದರೂ ಎತ್ತಿಕೊಂಡು ಓಡಬೇಕಿತ್ತು. ಟ್ರೇ ಮರಳು ಒಣಗಿದೆ ಅಂತ ಅಕ್ಕ ಆವತ್ತು ಬೆಳಿಗ್ಗೆಯೇ ಹೇಳಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ನೋವು ಇನ್ನೂ ಹೋಗಿಲ್ಲ. ಈಗ ಟ್ರೇಗಳ ಲೆಕ್ಕ ಅವರದೇ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ.

ಇನ್ನೊಂದು, ಮನೆಯಲ್ಲಿರುವ ಜ್ವರದ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕನ್ನು ಕೊಲ್ಲಬಹುದು.

ಈ ವಾರ ಮುದುಕಿ ಬೆಕ್ಕು ಸಾಬಕ್ಕಿಯ ಮೇಲೆ ಕಣ್ಣಿಟ್ಟಿದ್ದೇವೆ. ಊಟ ಸರಿಯಿದೆ, ಆಟವೂ ಇದೆ. ಆದರೆ ಟ್ರೇಯಲ್ಲಿ ಮೂತ್ರಕ್ಕೆ ಮರಳು ಕಟ್ಟಿದ ಒದ್ದೆ ಉಂಡೆಗಳು ದೊಡ್ಡವಾಗಿವೆ ಅಂತ ಅಕ್ಕ ಹೇಳಿದರು. ನೀರು ಅಳೆದು ಇಟ್ಟು ನೋಡಿದೆ, ಜಾಸ್ತಿ ಕುಡಿಯುತ್ತಿದ್ದಾಳೆ. ಕಿಡ್ನಿಯೋ ಸಕ್ಕರೆಯೋ ನೋಡಬೇಕು. ಮಂಗಳವಾರ ರಕ್ತ ಪರೀಕ್ಷೆ.